ಗೇಜಿಗೆ ಎಣ್ಣೆ ಹಚ್ಚಿದ ಖಂಡೇನವಮಿ

ಕುಸುಬೆ ಎಣ್ಣೆ ಕಾದ ವಾಸನೆ ಬಂದರೆ ನಾನು ಇವತ್ತಿಗೂ ಮೊದಲು ನೋಡುವುದು ಬಾಗಿಲ ಕಡೆಗೆ. ಹೊರಗೆ ಹೋಗುವ ದಾರಿ ತೆರೆದಿದೆ ಎಂದು ಖಾತ್ರಿಯಾದ ಮೇಲೆಯೇ ಬಾಣಲೆಯಲ್ಲಿ ಏನಿದೆ ಎಂದು ಕೇಳುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ಆ ಕೋಣೆಯಲ್ಲಿ ಅವರಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಬಿಎಸ್ಸಿ ಮುಗಿಸಿ, ಮಿರಜದಲ್ಲಿ ಎಕ್ಸ್‌ರೇ ತೆಗೆಯುವುದನ್ನು ಕಲಿತು, ಸೊಲ್ಲಾಪುರದ ಹೊರಗೆ ಅಕ್ಕಲಕೋಟ ರಸ್ತೆಗೆ ಹತ್ತಿಕೊಂಡಿದ್ದ ಒಂದು ಸಣ್ಣ ಎದೆರೋಗದ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕಿದ್ದೆ. ನಮ್ಮ ಮನೆ ಅಕ್ಕಲಕೋಟದಲ್ಲಿ. ದಿನಾ ಬೆಳಿಗ್ಗೆ ಎಸ್.ಟಿ. ಬಸ್ಸು ಹಿಡಿದು ಹೋಗಿ ಸಂಜೆ ಮರಳುತ್ತಿದ್ದೆ. ವಳಸಂಗದಲ್ಲಿ ಹತ್ತುವವರ ಹಾಲಿನ ಕ್ಯಾನುಗಳ ನಡುವೆ ಕಾಲೂರಲು ಜಾಗ ಸಿಕ್ಕಿದರೆ ಅವತ್ತಿನ ದಿನ ಒಳ್ಳೆಯದೇ ಅಂದುಕೊಳ್ಳುತ್ತಿದ್ದೆ. ಗಿರಣಿಯ ಅರಳೆ ಧೂಳು ಎದೆಗಿಳಿದವರು, ಕ್ಷಯದವರು, ದಮ್ಮಿನವರು ನಮ್ಮಲ್ಲಿಗೆ ಬರುತ್ತಿದ್ದರು. ಎಕ್ಸ್‌ರೇ ಎಂದು ಅವರಾರೂ ಅನ್ನುತ್ತಿರಲಿಲ್ಲ. 'ಎದಿ ಫೋಟೋ' ಅನ್ನುತ್ತಿದ್ದರು. ನಾನು ಅವರಿಗೆ 'ಫೋಟೋದ ಬಾಯಿ', ಅಂದರೆ ಫೋಟೋ ತೆಗೆಯುವ ಹೆಂಗಸು.

ಎದೆಯ ಚಿತ್ರಕ್ಕೆ ರೋಗಿ ಉಸಿರು ತುಂಬಿಕೊಂಡು ಒಂದು ಕ್ಷಣ ಅಲುಗಾಡದೆ ನಿಲ್ಲಬೇಕು. ದಮ್ಮು ಹತ್ತಿದವನಿಗೆ ಅದೊಂದೇ ಆಗದ ಕೆಲಸ. ಅದಕ್ಕೆಂದೇ ಎಕ್ಸ್‌ರೇ ಕೋಣೆಯ ಮೂಲೆಯಲ್ಲಿ, ಗಾಲಿಬಂಡಿಯ ಮೇಲೆ, ಒಂದು ಆಕ್ಸಿಜನ್ ಸಿಲಿಂಡರ್ ನಿಂತಿರುತ್ತಿತ್ತು. ಸ್ವಲ್ಪ ಹೊತ್ತು ಆಕ್ಸಿಜನ್ ಕೊಡುವುದು, ಸಿಲಿಂಡರ್ ಮುಚ್ಚಿ ಮಾಸ್ಕ್ ತೆಗೆಯುವುದು, ರೋಗಿಗೆ ಜೀವ ಬಂದಷ್ಟರಲ್ಲಿ ಬೇಗ ಚಿತ್ರ ಹಿಡಿಯುವುದು, ಇದು ನಮ್ಮ ಪದ್ಧತಿ. ಸಿಲಿಂಡರಿನ ತಲೆಗೆ ಕೂರಿಸುವ ಹಿತ್ತಾಳೆಯ ಸಾಧನಕ್ಕೆ ಎಲ್ಲರೂ ಗೇಜು ಅನ್ನುತ್ತಿದ್ದರು. ಒಳಗಿನ ಭಾರಿ ಒತ್ತಡವನ್ನು ಮನುಷ್ಯನ ಮೂಗು ತಾಳುವಷ್ಟಕ್ಕೆ ಇಳಿಸುವುದು ಅದೇ. ಅಂಥ ಗೇಜುಗಳು ನಮ್ಮಲ್ಲಿ ಎರಡೇ ಇದ್ದವು. ಒಂದು ಎಕ್ಸ್‌ರೇ ಕೋಣೆಯದು, ಇನ್ನೊಂದು ವಾರ್ಡಿನದು.

ಅವುಗಳನ್ನು ನೋಡಿಕೊಳ್ಳಲು ತಿಂಗಳಿಗೊಮ್ಮೆ ಒಬ್ಬ ಮಿಸ್ತ್ರಿ ಬರುತ್ತಿದ್ದ. ಮೊದಲು ಗಿರಣಿಯಲ್ಲಿ ಫಿಟರ್ ಆಗಿದ್ದವನು, ದಪ್ಪ ಮೀಸೆ, ಬಾಯಿ ಸುಮ್ಮನಿರುತ್ತಿರಲಿಲ್ಲ. ಗೇಜು ಬಿಚ್ಚಿ ವಾಷರ್ ಬದಲಿಸುವನು, ರಬ್ಬರು ನಳಿಗೆ ಬಿರುಕು ಬಿಟ್ಟಿದೆಯೇ ಎಂದು ಬಗ್ಗಿಸಿ ನೋಡುವನು, ಎಲ್ಲ ಕೂರಿಸಿದ ಮೇಲೆ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ಕಾಯುವನು. ಎಲ್ಲಕ್ಕಿಂತ ಮೊದಲು ಕೈಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದ. ಆಕ್ಸಿಜನ್‌ಗೂ ಎಣ್ಣೆಗೂ ಆಗದು ಎಂದು ಅವನೂ ಹೇಳುತ್ತಿದ್ದ, ನಾನೂ ಓದಿದ್ದೆ. ಒತ್ತಡದ ಆಕ್ಸಿಜನ್ ನುಗ್ಗಿದ ಕಡೆ ಜಿಡ್ಡಿದ್ದರೆ ಬೆಂಕಿಕಡ್ಡಿಯೇ ಬೇಡ. ಓದಿದ್ದೆ ಅಷ್ಟೆ. ಪರೀಕ್ಷೆಯಲ್ಲಿ ಬರೆದ ಉತ್ತರ ಒಂದು ದಿನ ನಮ್ಮ ಮನೆಯವರ ಮೈಮೇಲೆ ಬರುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಆ ವರ್ಷ ಖಂಡೇನವಮಿಯ ಹಿಂದಿನ ದಿನ ಮಿಸ್ತ್ರಿ ಎರಡೂ ಗೇಜುಗಳನ್ನು ಬಿಚ್ಚಿ, ಸ್ಪಿರಿಟಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಟ್ಟು ಹೋಗಿದ್ದ. ನವಮಿಯ ದಿನ ಸೊಲ್ಲಾಪುರದಲ್ಲಿ ಮಗ್ಗದಿಂದ ಹಿಡಿದು ಕತ್ತರಿಯವರೆಗೆ ಎಲ್ಲ ಸಾಮಾನಿಗೂ ಪೂಜೆ. ಪೂಜೆಗಿಟ್ಟ ಮೇಲೆ ಮರುದಿನದವರೆಗೆ ಅವನ್ನು ಎತ್ತುವಂತಿಲ್ಲ. ವಾರ್ಡಿನಲ್ಲಿದ್ದ ಕೆಲವೇ ರೋಗಿಗಳಲ್ಲಿ ಯಾರಿಗೂ ಆಗ ಆಕ್ಸಿಜನ್ ಬೇಕಿರಲಿಲ್ಲವಾದ್ದರಿಂದ ಒಂದು ದಿನ ಗೇಜುಗಳಿಗೂ ರಜೆ ಕೊಡಬಹುದೆಂದು ಡಾಕ್ಟರರೇ ಒಪ್ಪಿದ್ದರು.

ಪೂಜೆ ಮಾಡುತ್ತಿದ್ದವರು ಡಾಕ್ಟರರ ತಾಯಿ. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದೆವು. ಪೇಟೆಯಲ್ಲಿ ಹಳೆಯ ಕಿರಾಣಿ ವ್ಯಾಪಾರದ ಮನೆತನ. ಮಗ ಡಾಕ್ಟರಾದ ಮೇಲೆ ಆಸ್ಪತ್ರೆಯ ಮಾಳಿಗೆಯ ಮೇಲೆಯೇ ಅವನ ಜೊತೆ ಇದ್ದರು. ಅವತ್ತು ಬೆಳಿಗ್ಗೆ ಚೆಂಡುಹೂವಿನ ಬುಟ್ಟಿ, ಅರಿಷಿಣ ಕುಂಕುಮದ ತಟ್ಟೆ ಹಿಡಿದು ಎಕ್ಸ್‌ರೇ ಕೋಣೆಗೆ ಇಳಿದು ಬಂದರು.

"ಆಯಿ, ಕುಂಕುಮ ಹಚ್ಚರಿ, ಹೂ ಇಡ್ರಿ, ಸಾಕ" ಎಂದ, ಪೂಜೆಗೆಂದು ಅವತ್ತೂ ಬಂದಿದ್ದ ಮಿಸ್ತ್ರಿ.

"ನಿನ್ನ ಸಾಮಾನಿಗೆ ಭಾಳ ಮಡಿ ಅದ ಬಿಡೋ. ನಮ್ಮ ಅಂಗಡ್ಯಾಗ ತಕ್ಕಡಿಗಿ ಎಣ್ಣಿ ಹಚ್ಚಿ ತಿಕ್ಕಿ ಪೂಜಿ ಮಾಡತೀವಿ. ಹ್ಯಾಂಗ ಹೊಳೀತದ ನೋಡಬೇಕ."

"ಎಣ್ಣಿ ತಕ್ಕಡಿ ಯಾವ ಪರಡಿಗಿ ಹಚ್ಚತೀರಿ ಆಯಿ? ಗಿರಾಕಿ ಕಡೀದಕ್ಕೋ, ನಿಮ್ಮ ಕಡೀದಕ್ಕೋ?"

"ಭಾಡ್ಯಾ, ಹಬ್ಬದ ದಿನ ನನ್ನ ಬಾಯಾಗ ಬೈಗಳ ತರಸಬ್ಯಾಡ. ಹೋಗು, ಚಹಾ ಕುಡಿ ಹೋಗು."

ಅವನು ನಗುತ್ತ ಪಡಸಾಲೆಗೆ ಹೋದ. ನಾನು ಬಾಗಿಲಿಗೆ ತೋರಣ ಕಟ್ಟಲು ಸ್ಟೂಲು ಹತ್ತಿದೆ. ಆಯಿ ಒಬ್ಬರೇ ಒಳಗೆ ಉಳಿದರು. ಪೂಜೆ ಮುಗಿಸಿ ಅವರು ಕರೆದಾಗ ನಾವೆಲ್ಲ ಹೋಗಿ ಕೈ ಮುಗಿದೆವು. ಕುಂಕುಮದ ಬೊಟ್ಟಿನ ನಡುವೆ ಹಿತ್ತಾಳೆ ಚೆನ್ನಾಗಿ ಹೊಳೆಯುತ್ತಿತ್ತು. ಹಬ್ಬ, ಹೊಳೆಯಬೇಕಾದದ್ದೇ ಎಂದಷ್ಟೇ ನನ್ನ ಮನಸ್ಸು ಅಂದುಕೊಂಡಿತು.

ಬಿಸಿಲು ಏರಿದ ಮೇಲೆ ಹೊರಗೆ ಬಸ್ಸಿನ ಹಾರ್ನು ಒಂದೇ ಸಮನೆ ಹೊಡೆದುಕೊಂಡಿತು. ಹೋಗಿ ನೋಡಿದರೆ ಅಕ್ಕಲಕೋಟದ ಬಸ್ಸು, ಪ್ರಯಾಣಿಕರ ಸಮೇತ, ಸ್ಟ್ಯಾಂಡಿಗೆ ಹೋಗದೆ ನಮ್ಮ ಗೇಟಿಗೆ ಬಂದು ನಿಂತಿದೆ. ಕಂಡಕ್ಟರು ಮತ್ತೊಬ್ಬರು ಸೇರಿ ಯಾರನ್ನೋ ಕೈಗುರ್ಚಿ ಮಾಡಿ ಇಳಿಸುತ್ತಿದ್ದರು. ಇಳಿಬಿದ್ದ ಕಾಲಿನ ಚಪ್ಪಲಿಯ ಗುರುತು ಹತ್ತಿತು ನನಗೆ. ಅಪ್ಪನದು.

ಹಿಂದೆಯೇ ಅವ್ವ ಇಳಿದಳು. "ಅಟ್ಟದ ಮ್ಯಾಲಿನ ಹಂಡೆ ಇಳಸಾಕ ಹೋಗಿದ್ರವ್ವಾ. ಎದ್ಯಾಗ ಏನೋ ಚಳಕ್ಕಂತು ಅಂದ್ರು. ಬಸ್ಸಿನ್ಯಾಗ ಕುಂತಾಗ ಮಾತಾಡಿದ್ರು. ವಳಸಂಗ ದಾಟಿದ ಮ್ಯಾಲ ಮಾತ ಇಲ್ಲ."

ಅಪ್ಪನಿಗೆ ಹಳೆಯ ದಮ್ಮಿತ್ತು. ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗಲೂ ಚಳಿಗಾಲದಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದರು. ಆದರೆ ಇದು ಆ ದಮ್ಮಲ್ಲ. ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಒಂದೊಂದು ಉಸಿರಿಗೂ ಕತ್ತಿನ ನರಗಳು ಹಗ್ಗದಂತೆ ಎದ್ದು ಬೀಳುತ್ತಿದ್ದವು. ಡಾಕ್ಟರು ಎಡ ಎದೆಯ ಮೇಲೆ ಸ್ಟೆಥೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಎಡಗಡೆ ಸಪ್ಪಳನ ಇಲ್ಲ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. "ಪುಪ್ಪುಸ ಒಡದು ಎದ್ಯಾಗ ಗಾಳಿ ತುಂಬಿರಬೇಕು. ಹಂಗಿದ್ರ ಸೂಜಿ ಹಾಕಿ ಗಾಳಿ ತಗೀತೀನಿ. ಆದರ ಹಳೇ ದಮ್ಮಿನವ್ರಿಗೆ ಪುಪ್ಪುಸನ ಉಬ್ಬಿದ್ರೂ ಹಿಂಗ ಇರತದ. ಅದಕ್ಕ ಸೂಜಿ ಹಾಕಿದ್ನಿ ಅಂದ್ರ ನಾನ ತೂತ ಮಾಡಿಧಾಂಗ. ನನಗೊಂದು ಫೋಟೋ ತಗದ ಕೊಡು. ಲಗೂನ."

ಅಪ್ಪನನ್ನು ನಿಲ್ಲಿಸಲು ನೋಡಿದೆವು. ಕುತ್ತಿಗೆ ನಿಲ್ಲಲಿಲ್ಲ. ಮೊದಲು ಆಕ್ಸಿಜನ್ ಬೇಕೇ ಬೇಕಿತ್ತು.

ಮಿಸ್ತ್ರಿ ಪೂಜೆಗಿಟ್ಟ ಸಾಮಾನಿನ ಮುಂದೆ ಹೋಗಿ ನಿಂತು ಆಯಿಯ ಮುಖ ನೋಡಿದ. "ಎತ್ತೋ ಮಾರಾಯಾ, ದೇವರು ಏನೂ ಅನ್ನೂದಿಲ್ಲ" ಎಂದರು ಅವರು. ಅವನು ಹೂವು ಸರಿಸಿ, ನಟ್ಟು ಬಿಗಿಯಲೂ ಸಿಲಿಂಡರ್ ತೆರೆಯಲೂ ಬಳಸುವ ತನ್ನ ಪಾನಾ ತೆಗೆದುಕೊಂಡು, ಹೊಳಪು ಯಾತರದೆಂದು ನೋಡಲೂ ಪುರಸೊತ್ತಿಲ್ಲದೆ ಸರಸರನೆ ಒಂದು ಗೇಜು ಜೋಡಿಸಿದ. ಅಪ್ಪನನ್ನು ಸಿಲಿಂಡರಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ಬೀಳದಂತೆ ಅವ್ವ ಹಿಂದಿನಿಂದ ಹಿಡಿದಿದ್ದಳು. ನನ್ನ ಕೈಯಲ್ಲಿ ಮಾಸ್ಕಿತ್ತು. ಗಾಳಿ ಬಂದ ಸಪ್ಪಳ ಕೇಳಿದ ಮೇಲೆ ಮುಖಕ್ಕಿಡಬೇಕೆಂದು ಅಪ್ಪನ ಗದ್ದದ ಹತ್ತಿರ ಹಿಡಿದು ಕಾಯುತ್ತಿದ್ದೆ. ಅಪ್ಪ ಕಾಯಲಾರದೆ ತಾವೇ ಮುಖ ಮುಂದೆ ಚಾಚಿದರು.

ಮಿಸ್ತ್ರಿ ಪಾನಾ ತಿರುಗಿಸಿದ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಬಸ್ಸಿನಲ್ಲಿ ಕೂತಾಗ, ಅಕ್ಕಿ ಆರಿಸುವಾಗ, ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗ. ಪ್ರತಿಸಲವೂ ಮೊದಲು ಬರುವುದು ಸಪ್ಪಳ. ಖಾಲಿ ಪೀಪಾಯಿಯನ್ನು ಕಲ್ಲಿನ ಮೇಲೆ ಎತ್ತಿ ಒಗೆದಂಥ ಸಪ್ಪಳ. ಗೇಜಿನ ಗಾಜು ಹಾರಿ ಗೋಡೆಗೆ ಬಡಿಯಿತು. ಹಿತ್ತಾಳೆಯ ಒಳಗಿನಿಂದ ಬಿಳಿಯ ಬೆಂಕಿ, ಬೆಸುಗೆ ಹಾಕುವವರ ಅಂಗಡಿಯಲ್ಲಿ ನೋಡಬಾರದೆಂದು ಹೇಳುತ್ತಾರಲ್ಲ ಅಂಥದು, ಉದ್ದಕ್ಕೆ ಚಾಚಿತು. ರಬ್ಬರು ನಳಿಗೆ ಹೊತ್ತಿಕೊಂಡು ಬೆಂಕಿ ನನ್ನ ಕೈಯ ಕಡೆಗೆ ಓಡಿ ಬಂತು. ನಳಿಗೆಯ ಈ ತುದಿಯಲ್ಲಿ ಮಾಸ್ಕ್, ಮಾಸ್ಕಿನ ಹತ್ತಿರ ಅಪ್ಪನ ಬಾಯಿ. ನಾನು ಮಾಸ್ಕನ್ನು ಎಸೆದೆನೋ, ಅದು ತಾನೇ ಜಾರಿತೋ, ಇವತ್ತಿಗೂ ಹೇಳಲಾರೆ. ನೋಡಿದಾಗ ಅದು ನೆಲದ ಮೇಲೆ ಬಿದ್ದು ಕರಗುತ್ತಿತ್ತು. ಅವ್ವ ಅಪ್ಪನನ್ನು ಸ್ಟೂಲಿನ ಸಮೇತ ಹಿಂದಕ್ಕೆಳೆದು ತಾನೂ ಬಿದ್ದಿದ್ದಳು. ಕಿಟಕಿಗೆ ಹಾಕಿದ್ದ ಕಪ್ಪು ಪರದೆಯ ಅಂಚು ಹೊತ್ತಿತು. ಡಾಕ್ಟರು ಅದನ್ನು ಕಿತ್ತು ಬೂಟುಗಾಲಿನಲ್ಲಿ ತುಳಿದರು.

ಮಿಸ್ತ್ರಿ ಪಾನಾ ಬಿಟ್ಟಿರಲಿಲ್ಲ. ಕೈ ಬೆಂಕಿಯ ಪಕ್ಕದಲ್ಲೇ ಇತ್ತು. ಹಲ್ಲು ಕಚ್ಚಿ ಅದೇ ಪಾನಾವನ್ನು ಉಲ್ಟಾ ತಿರುಗಿಸಿದ. ಬೆಂಕಿ ಗಕ್ಕನೆ ನಿಂತಿತು. ಆಮೇಲೆ ಕೋಣೆಯಲ್ಲಿ ಉಳಿದದ್ದು ಹೊಗೆ, ಅಪ್ಪನ ಉಬ್ಬಸ, ಮತ್ತು ಒಂದು ವಾಸನೆ. ಸುಟ್ಟ ರಬ್ಬರಿನ ಕೆಳಗೆ ಇನ್ನೊಂದು ವಾಸನೆ. ಹಬ್ಬದ ಮುಂಚೆ ಎಲ್ಲರ ಮನೆಯಲ್ಲೂ ಬರುವ, ಕರಿಯುವ ವಾಸನೆ.

ಮಿಸ್ತ್ರಿ ಮೂಗೆಳೆದ. "ಕುಸುಬಿ ಎಣ್ಣಿ" ಎಂದ. ಆಮೇಲೆ ಬಾಗಿಲ ಕಡೆ ತಿರುಗಿದ. "ಆಯಿ, ಎಣ್ಣಿ ಹಚ್ಚೀರೇನ್ರಿ?"

ಆಯಿ ಗೋಡೆ ಹಿಡಿದು ನಿಂತಿದ್ದರು. "ಬೂದಿ ಬಡದಂಗ ಕಾಣತಿತ್ತಲ್ಲೋ. ಹಬ್ಬದ ದಿನ ಮನಶ್ಯಾರಿಗೇ ಎಣ್ಣಿ ಹಚ್ಚಿ ಎರೀತೀವಿ. ದೇವರ ಮುಂದ ಒಣಾ ಮೈಲೆ ಹ್ಯಾಂಗ ಕೂಡಸೂದು ಅಂತ ಒಂದೀಟ ಹಚ್ಚಿ ಒರಸೀನಿ. ನನಗೇನ ಗೊತ್ತು, ನನಗೇನ ಗೊತ್ತೋ..."

ಬಯ್ಯುವ ಹೊತ್ತಲ್ಲ ಅದು. ಎಲ್ಲರ ಕಣ್ಣೂ ಬಟ್ಟೆಯ ಮೇಲೆ ಉಳಿದಿದ್ದ ಎರಡನೆಯ ಗೇಜಿನ ಮೇಲೆ ಬಿದ್ದವು. ಅದಕ್ಕೂ ಕುಂಕುಮವಿತ್ತು. ಅದೂ ಹೊಳೆಯುತ್ತಿತ್ತೋ, ಕಿಟಕಿಯ ಬೆಳಕಿಗೆ ಹಾಗೆ ಕಾಣುತ್ತಿತ್ತೋ.

"ಅದಕ್ಕ ಹಚ್ಚೀರೇನು?" ಎಂದು ಡಾಕ್ಟರು ಕೇಳಿದರು. ತಾಯಿಗೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹಚ್ಚೀನೇನೋ. ಇಲ್ಲೇನೋ. ನೆನಪಾಗವಲ್ದಪ್ಪಾ."

ಅಪ್ಪನನ್ನು ಪಡಸಾಲೆಗೆ ಎತ್ತಿಕೊಂಡು ಹೋದರು. ಮಿಸ್ತ್ರಿಯ ಬಲಗೈ ಬೊಬ್ಬೆ ಎದ್ದು ಉಬ್ಬುತ್ತಿತ್ತು. ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿಕೊಂಡೇ ಅವನು ನನಗೆ ಹೇಳಿದ: "ಬಾಯೀ, ಹಚ್ಚ್ಯಾರ ಅಂತನ ತಿಳಕೋರಿ. ಸ್ಪಿರಿಟ್ ಬ್ಯಾಡ, ಹಸೀ ಉಳದ್ರ ಅದೂ ಹೊತಗೋತದ. ಸೋಡಾ ಹಾಕಿ ಕುದಸರಿ."

ಸೂಜಿ ಸಿರಿಂಜು ಕುದಿಸುವ ಪಾತ್ರೆಯಲ್ಲಿ ನೀರು ಬಿಸಿಯಾಗಿಯೇ ಇತ್ತು. ಬಟ್ಟೆ ಒಗೆಯುವ ಸೋಡಾ ಸುರಿದು, ಗೇಜಿನ ಭಾಗಗಳನ್ನೆಲ್ಲ ಹಾಕಿ ಕುದಿಸಿದೆ. ಕಾಲೇಜಿನ ಲ್ಯಾಬಿನಲ್ಲಿ ಬ್ಯುರೆಟ್ ತೊಳೆಯುವಾಗ ಸರ್ ತೋರಿಸಿದ್ದು ನೆನಪಿತ್ತು. ಜಿಡ್ಡಿದ್ದರೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ತೆಳ್ಳಗೆ ಹರಡುತ್ತದೆ. ಚಿಮಟದಲ್ಲಿ ಒಂದೊಂದೇ ಭಾಗ ಎತ್ತಿ, ತಣ್ಣೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿದೆ. ಮೂರನೆಯದರ ಮೇಲೆ ನೀರು ಮುತ್ತಿನಂತೆ ದುಂಡಗೆ ನಿಂತಿತು.

ಆ ಹನಿಯನ್ನು ಕಂಡಾಗ ಆದ ಹೆದರಿಕೆ ಬೆಂಕಿ ಕಂಡಾಗಲೂ ಆಗಿರಲಿಲ್ಲ. ಹಚ್ಚಿದ್ದರು. ಇದಕ್ಕೂ ಹಚ್ಚಿದ್ದರು.

ಮತ್ತೆ ಸೋಡಾ, ಮತ್ತೆ ಕುದಿ. ಪಡಸಾಲೆಯಿಂದ ಅಪ್ಪನ ಉಸಿರು ಕೇಳುತ್ತಿತ್ತು. ಅದು ನಿಂತಂತಾದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ಮತ್ತೆ ಶುರುವಾದರೆ ಕೈ ಆಡುತ್ತಿತ್ತು. ಎರಡನೆಯ ಸಲ ನೀರು ಎಲ್ಲ ಕಡೆ ಹರಡಿತು. ಆದರೆ ನನಗೆ ಕಾಣುವುದು ಹೊರಮೈ. ಒಳಗಿನ ಕೂದಲೆಳೆಯಷ್ಟು ಸಣ್ಣ ತೂತುಗಳನ್ನು ಯಾರು ನೋಡಬೇಕು? ಬಿಸಿ ಮುಚ್ಚಳದ ಮೇಲೆ ಭಾಗಗಳನ್ನು ಒಣಗಿಸಿದೆ. ಮಿಸ್ತ್ರಿ ಬಾಯಲ್ಲಿ ಹೇಳಿದಂತೆ ನಾನೇ ಜೋಡಿಸಿದೆ. ಪಾನಾವನ್ನೂ ಕುದಿಸಿದೆವು.

ಸಿಲಿಂಡರನ್ನು ಬಂಡಿಸಮೇತ ಅಂಗಳಕ್ಕೆ ತಳ್ಳಿಕೊಂಡು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ. ಆ ಬೆಂಕಿ ಅವರ ಹತ್ರ ಮತ್ತ ತರಬ್ಯಾಡ. ಸಾಯೂದಾದ್ರ ಸುಮ್ಮ ಸಾಯಲಿ, ಸುಟ್ಟ ಸಾಯೂದ ಬ್ಯಾಡ."

"ಅವ್ವಾ, ದಾರಿ ಬಿಡು."

"ನಿನಗ ಖಾತ್ರಿ ಅದ ಏನ? ನನ್ನ ಕಣ್ಣಾಗ ಕಣ್ಣಿಟ್ಟ ಹೇಳು."

ಖಾತ್ರಿ ಇರಲಿಲ್ಲ. ಅವಳ ಕಣ್ಣು ನೋಡದೆ, "ಮೊದಲ ನಾವ ಅಂಗಳದಾಗ ಹಚ್ಚಿ ನೋಡತೀವಿ. ನೀ ಅಪ್ಪನ ಹತ್ರ ಕುಂದರು" ಎಂದೆ. ಅವಳು ಸರಿಯಲಿಲ್ಲ. ಪಡಸಾಲೆಯಲ್ಲಿ ಅಪ್ಪ ಕೈ ಎತ್ತಿ ಗಾಳಿಯಲ್ಲಿ ಏನನ್ನೋ ತನ್ನ ಕಡೆ ಎಳೆದುಕೊಳ್ಳುವಂತೆ ಮಾಡಿದರು. ಅದನ್ನು ನೋಡಿ ಸರಿದಳು.

ಅಂಗಳದ ಗೋಡೆಗೆ ಸಿಲಿಂಡರ್ ನಿಲ್ಲಿಸಿದೆವು. ಮಿಸ್ತ್ರಿ ಎಡಗೈಗೆ ಒದ್ದೆ ಗೋಣಿಚೀಲ ಸುತ್ತಿಕೊಂಡ. ಬಂಡಿ ಅಲುಗಾಡದಂತೆ ಇನ್ನೊಬ್ಬರು ಹಿಡಿಯಬೇಕಿತ್ತು. ಡಾಕ್ಟರು ಅಪ್ಪನ ನಾಡಿ ಬಿಟ್ಟು ಬರುವಂತಿರಲಿಲ್ಲ. ನಾನು ಹಿಡಿದೆ.

"ಗೇಜಿನ ಎದುರು ನಿಲ್ಲಬ್ಯಾಡ್ರಿ. ಮಾರಿ ಆ ಕಡೆ ತಿರಗಸರಿ" ಎಂದ. ಆಮೇಲೆ, "ನಾ ಸತ್ರ ನನ್ನ ಹೆಂಡ್ತಿಗಿ ಹೇಳ್ರಿ, ಇವತ್ತ ಮುಂಜಾನಿ ಉಪ್ಪಿಟ್ಟು ಛಲೋ ಆಗಿತ್ತು ಅಂತ. ಬೈದ ಬಂದೀನಿ" ಎಂದ.

ನಗು ಬರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತೆ. ಸುಣ್ಣದ ಗೋಡೆಯ ಒಂದು ಬಿರುಕಿನಲ್ಲಿ ಇರುವೆಗಳು ಸಾಲು ಹಚ್ಚಿದ್ದವು. ಅವುಗಳ ಕಡೆ ನೋಡುತ್ತ ಆ ಸಪ್ಪಳಕ್ಕೆ ಕಾದೆ. ಪಾನಾ ಲೋಹಕ್ಕೆ ತಾಗಿದ ಕಿಣಿ ಎನ್ನುವ ದನಿ ಬಂತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣಗೆ, ಯಾರೋ ಮಲಗಿದ ಕೂಸಿಗೆ ಸುಮ್ಮನಿರು ಎಂದಂತೆ, ಉಸ್ಸೆನ್ನುವ ಗಾಳಿ.

ಹೊಸ ನಳಿಗೆ, ಹೊಸ ಮಾಸ್ಕ್ ಹಚ್ಚಿ ಅಪ್ಪನ ಮುಖಕ್ಕಿಟ್ಟಾಗ ಅವರು ಬೇಡ ಎಂದು ತಲೆ ತಿರುಗಿಸಿದರು. ಎರಡೂ ಕೈಯಿಂದ ತಲೆ ಹಿಡಿದು ಇಡಬೇಕಾಯಿತು. ನನ್ನ ಅಂಗೈಗಳ ನಡುವೆ ಅವರ ದವಡೆ ನಡುಗುತ್ತಿತ್ತು. ನಿಧಾನವಾಗಿ ತುಟಿಯ ಬಣ್ಣ ತಿರುಗಿತು. ಮಿಸ್ತ್ರಿ ಸಿಲಿಂಡರ್ ಮುಚ್ಚಿದ. ನಾವು ಅಪ್ಪನನ್ನು ಹೊಗೆ ಹಿಡಿದ ಕೋಣೆಗೆ ಕರೆದೊಯ್ದು ಪ್ಲೇಟಿಗೆ ಎದೆ ಹಚ್ಚಿ ನಿಲ್ಲಿಸಿದೆವು. ಡಾಕ್ಟರು ಸೀಸದ ಏಪ್ರನ್ ಕಟ್ಟಿಕೊಂಡು ಅವರ ಸೊಂಟ ಹಿಡಿದಿದ್ದರು. ದಿನಾ ಎಲ್ಲರಿಗೂ ಹೇಳುವ ಮಾತನ್ನೇ ಅಪ್ಪನಿಗೂ ಹೇಳಿದೆ: "ಉಸರ ತಗೋರಿ. ಹಿಡೀರಿ. ಬಿಡ್ರಿ." ಗುಂಡಿ ಒತ್ತಿದಾಗ ಯಂತ್ರ ಎಂದಿನಂತೆ ಟಕ್ ಎಂದಿತು. ಆ ಟಕ್‌ಗೆ ನಾವೆಲ್ಲರೂ ಕುಗ್ಗಿದೆವು.

ಒದ್ದೆ ಫಿಲ್ಮನ್ನೇ ಕಿಟಕಿಗೆ ಹಿಡಿದು ಡಾಕ್ಟರು ನೋಡಿದರು. ಎಡಗಡೆ ಬರೀ ಕಪ್ಪು. ಪುಪ್ಪುಸ ಮುಷ್ಟಿಯಷ್ಟಾಗಿ ನಡುವಿಗೆ ಅಂಟಿಕೊಂಡಿತ್ತು. ಅವರು ಸೂಜಿ ತೆಗೆದುಕೊಂಡರು. ಅದು ಒಳಗಿಳಿದಾಗ ಅಪ್ಪನ ಎದೆಯಿಂದ ಗಾಳಿ ಸೂಸಿ ಬಂತು. ಆ ಸಪ್ಪಳಕ್ಕೂ ನಾನು ಹಿಂದೆ ಸರಿದೆ. ಅಪ್ಪ ಕಣ್ಣು ತೆರೆದು, ಅವ್ವನನ್ನು ಹುಡುಕಿ, "ಹಂಡೆ ಇಳಸಿದ್ರೇನು?" ಎಂದು ಕೇಳಿದರು. ಅವ್ವ ಅಳಲು ಶುರುಮಾಡಿದ್ದು ಆಗ.

ಆಯಿ ಸಂಜೆಯವರೆಗೂ ಪಡಸಾಲೆಯ ಬೆಂಚು ಬಿಟ್ಟು ಏಳಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡ ಮಿಸ್ತ್ರಿ ಮನೆಗೆ ಹೊರಟಾಗ ಅವರು ಎದ್ದು ಕೈ ಮುಗಿದರು. ಅವನು ಮುಜುಗರಪಟ್ಟು, "ನಾಳಿ ಬನ್ನಿ ಕೊಡಾಕ ಬರತೀನಿ, ಎಡಗೈಲೆ ಕೊಟ್ರ ನಡೀತದಲ್ಲ?" ಎಂದ. ಅವರು ಮುಖಕ್ಕೆ ಸೆರಗು ಹಿಡಿದುಕೊಂಡರು.

ಮರುದಿನ ದಸರೆ. ಪುಪ್ಪುಸ ಅರಳಿದೆಯೋ ಇಲ್ಲವೋ ನೋಡಲು ಇನ್ನೊಂದು ಚಿತ್ರ ಬೇಕೆಂದು ಡಾಕ್ಟರು ಹೇಳಿದರು. ನಾನು ಆಕ್ಸಿಜನ್ ಮಾತೆತ್ತುವ ಮುಂಚೆಯೇ ಅಪ್ಪ, "ಅದನ್ನ ತರಬ್ಯಾಡ. ನಾನ ನಿಲ್ಲತೀನಿ" ಎಂದರು. ಗೋಡೆ ಹಿಡಿದು ನಡೆದು ಬಂದು, ಪ್ಲೇಟಿಗೆ ತಾವೇ ಎದೆ ಕೊಟ್ಟು ನಿಂತರು. ಕೋಣೆಯನ್ನು ತೊಳೆದಿದ್ದರೂ ಗೋಡೆಯ ಮಸಿ ಹೋಗಿರಲಿಲ್ಲ. ಮೂಲೆಯಲ್ಲಿ ಸಿಲಿಂಡರ್ ಇತ್ತು. ಮುಚ್ಚಿತ್ತು, ಗೇಜೂ ಇರಲಿಲ್ಲ, ಅದು ಏನೂ ಮಾಡಲಾರದು ಎಂದು ನನಗೆ ಗೊತ್ತಿತ್ತು.

"ಉಸರ ತಗೋರಿ" ಎಂದೆ. ತೆಗೆದುಕೊಂಡರು. "ಹಿಡೀರಿ" ಎಂದೆ. ಹಿಡಿದರು. ಗುಂಡಿ ಒತ್ತಿದೆ. ಯಂತ್ರ ಟಕ್ ಎಂದಿತು. ನಾನು ಮೂಲೆಯ ಕಡೆ ಕಿವಿಗೊಟ್ಟು ನಿಂತೆ. ಏನೂ ಆಗಲಿಲ್ಲ. ಇನ್ನೂ ಕಿವಿಗೊಟ್ಟೇ ನಿಂತಿದ್ದೆ. ಈಗ ಆಗುತ್ತದೆ, ಈಗ ಆಗುತ್ತದೆ.

ಅಪ್ಪ ನಿಧಾನಕ್ಕೆ ಕತ್ತು ಹೊರಳಿಸಿ ನನ್ನ ಕಡೆ ನೋಡಿದರು. ಕೆನ್ನೆ ಉಬ್ಬಿತ್ತು, ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಬಿಡ್ರಿ ಅಂತ ನಾನು ಹೇಳಿಯೇ ಇರಲಿಲ್ಲ.